ಹೊಸಬನ ಹಳ್ಳಿಯನ್ನು ದಿನಾ ದೋಚುತ್ತಿದ್ದೇನೆ, ನಿಲ್ಲಿಸಬೇಕಾ?

ಪ್ರಶ್ನೆ

ಹಳ್ಳಿ ಕಟ್ಟಿ ಸೈನ್ಯ ಬೆಳೆಸುವ ಆನ್‌ಲೈನ್ ಆಟ ಟ್ರಾವಿಯನ್‌ನಲ್ಲಿ ಇದು ನನ್ನ ನಾಲ್ಕನೇ ಸರ್ವರ್, ಅಂದರೆ ಮೊದಲಿಂದ ಶುರು ಮಾಡಿದ ನಾಲ್ಕನೇ ಆಟ. ನನ್ನ ಬುಡಕಟ್ಟು ಟ್ಯೂಟನ್. ಪಕ್ಕದಲ್ಲೇ ಒಬ್ಬ ಹೊಸಬ ಇದ್ದಾನೆ, ಗಾಲ್ ಬುಡಕಟ್ಟಿನವನು. ಬಿಗಿನರ್ ಪ್ರೊಟೆಕ್ಷನ್ (ಹೊಸಬರ ಮೇಲೆ ಯಾರೂ ದಾಳಿ ಮಾಡಲಾಗದ ಅವಧಿ) ಮುಗಿದ ದಿನದಿಂದ ನನ್ನ ಫಾರ್ಮ್ ಲಿಸ್ಟ್‌ನಲ್ಲಿದ್ದಾನೆ, ಅಂದರೆ ಪದೇ ಪದೇ ದೋಚುವ ಹಳ್ಳಿಗಳ ಪಟ್ಟಿಯಲ್ಲಿ. ದಿನಕ್ಕೆ ಐದಾರು ರೇಡ್, ದೋಚುವ ದಾಳಿ. ನಿನ್ನೆ ಅವನಿಂದ ಮೆಸೇಜ್ ಬಂತು: "ನಾನೇನು ತಪ್ಪು ಮಾಡಿದೆ?" ನಮ್ಮ ಅಲಯನ್ಸ್ (ಆಟಗಾರರ ಒಕ್ಕೂಟ) ಲೀಡರ್ "ಆಟ ಇರೋದೇ ಹೀಗೆ, ನಿಲ್ಲಿಸಬೇಡ" ಅಂತಾರೆ. ನನಗೆ ರಾತ್ರಿಯಿಡೀ ಅದೇ ಯೋಚನೆ. ನಿಮಗೆ ಹೀಗಾಗಿದೆಯಾ? ಏನು ಮಾಡಿದಿರಿ?

ಉತ್ತರ

ನಾನೂ ಹಳೇ ಟ್ಯೂಟನ್. ರೇಡ್ ಮಾಡಿದ್ದು ತಪ್ಪಲ್ಲ. ಆ ಬುಡಕಟ್ಟು ಇರುವುದೇ ಅದಕ್ಕೆ. ನಮ್ಮ ಸೈನಿಕ ಕ್ಲಬ್‌ಸ್ವಿಂಗರ್ ಅಗ್ಗ, ಒಬ್ಬೊಬ್ಬನೂ 60 ಸಾಮಾನು ಹೊತ್ತು ತರುತ್ತಾನೆ. ಗಾಲ್‌ಗಳಿಗೆ ಬಲೆ, ಕಾವಲಿಗೆ ಫ್ಯಾಲ್ಯಾಂಕ್ಸ್ ಸೈನಿಕರು, ದೊಡ್ಡ ಕ್ರ್ಯಾನಿ ಕೊಟ್ಟಿರುವುದೂ ಅದಕ್ಕೇ. ಕ್ರ್ಯಾನಿ ಅಂದರೆ ನಮ್ಮ ಹಗೇವಿನ ಥರ, ಅದರಲ್ಲಿಟ್ಟದ್ದು ದೋಚುವವರ ಕೈಗೆ ಸಿಗುವುದಿಲ್ಲ. ಒಬ್ಬ ದೋಚಬೇಕು, ಇನ್ನೊಬ್ಬ ಬಚ್ಚಿಡಬೇಕು, ಆಗಲೇ ಆಟ. ನಿಮ್ಮ ಗಾಲ್‌ಗೆ ಬಚ್ಚಿಡುವ ಜಾಗ ಇದೆ ಅಂತಲೇ ಗೊತ್ತಿಲ್ಲ ಅನ್ನಿಸುತ್ತೆ. "ಏನು ತಪ್ಪು ಮಾಡಿದೆ" ಅಂತ ಕೇಳುವವನು ಇದನ್ನು ಜಗಳ ಅಂದುಕೊಂಡಿದ್ದಾನೆ, ಅಲ್ವಾ?

ನನ್ನ ಮೊದಲ ಸರ್ವರ್‌ನಲ್ಲಿ ಇಂಥ ಏಳೆಂಟು ಜನರನ್ನು ಹಗಲೂ ರಾತ್ರಿ ದೋಚಿದೆ. ಎರಡು ವಾರದಲ್ಲಿ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಆಗ ಖುಷಿಯೇ ಆಗಿತ್ತು, ಖಾಲಿ ಹಳ್ಳಿ ದೋಚೋದು ಇನ್ನೂ ಸುಲಭ. ಸರ್ವರ್‌ನ ಕೊನೆಯಲ್ಲಿ, ಆಟ ಗೆಲ್ಲಲು ವಂಡರ್ ಅನ್ನೋ ದೊಡ್ಡ ಕಟ್ಟಡ ಕಟ್ಟುವಾಗ ಸೈನ್ಯಕ್ಕೆ ಧಾನ್ಯ ಕಳಿಸಲು ಜನ ಬೇಕಲ್ಲ. ನಮ್ಮ ಮೂಲೆಯಲ್ಲಿ ಯಾರೂ ಉಳಿದಿರಲಿಲ್ಲ.

ಇನ್ನೊಂದು ಉತ್ತರ

ನಾನು ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ಏಜ್ ಆಫ್ ಎಂಪೈರ್ಸ್ 2 ಅನ್ನೋ ಯುದ್ಧದ ಆಟದಲ್ಲಿ ನನ್ನ ರೇಟಿಂಗ್ (ಎಷ್ಟು ಚೆನ್ನಾಗಿ ಆಡುತ್ತೇವೆ ಅನ್ನುವ ಅಂಕ) 1500ರ ಹತ್ತಿರ ಇತ್ತು. ಸೋತು ಸೋತು ಬೇಸತ್ತು ಇನ್ನೊಂದು ಖಾತೆ ಮಾಡಿದೆ. ಹೊಸ ಖಾತೆ 1000ದಿಂದ ಶುರುವಾಗುತ್ತೆ. ಬೇಕಂತಲೇ ಸೋತು 700ಕ್ಕೆ ಇಳಿಸಿದೆ. ಇದಕ್ಕೆ ಸ್ಮರ್ಫಿಂಗ್ ಅಂತಾರೆ. ವಾರ್‌ಕ್ರಾಫ್ಟ್ 2 ಅನ್ನೋ ಹಳೇ ಆಟದ ಕಾಲದಲ್ಲಿ ಚೆನ್ನಾಗಿ ಆಡುವವರ ಹೆಸರು ನೋಡಿದರೆ ಸಾಕು, ಯಾರೂ ಎದುರಿಗೆ ಬರುತ್ತಿರಲಿಲ್ಲ. ಹಾಗಾಗಿ ಅವರು ಸ್ಮರ್ಫ್ ಕಾರ್ಟೂನಿನ ಹೆಸರಿಟ್ಟುಕೊಂಡು ಬಂದರು. ನನಗೆ ಆ ಕಷ್ಟವೂ ಇರಲಿಲ್ಲ. ಸುಲಭವಾಗಿ ಗೆಲ್ಲಬೇಕಿತ್ತು, ಅಷ್ಟೇ.

ಒಂದು ರಾತ್ರಿ ಹನ್ನೊಂದನೇ ನಿಮಿಷಕ್ಕೆಲ್ಲ ನನ್ನ ಸ್ಕೌಟ್ ಕುದುರೆ ಸವಾರರು ಒಬ್ಬನ ಮರ ಕಡಿಯುವವರ ಮೇಲೆ ಬಿದ್ದರು. ಸೋತ ಮೇಲೆ ಅವನು ಬೈಯಲಿಲ್ಲ. "ಇಷ್ಟು ಬೇಗ ಹೇಗೆ ಬಂದ್ರಿ? ನಾನು ದಿನಾ ಪ್ರಾಕ್ಟೀಸ್ ಮಾಡ್ತೀನಿ, ನನ್ನ ಕೈಲಿ ಆಗ್ತಾನೇ ಇಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದ. ಅವನ ಪಾಲಿಗೆ ನಾನೂ 700ರವನೇ. ತನ್ನಷ್ಟೇ ಬಲ್ಲವನು ತನ್ನನ್ನು ಹೀಗೆ ಸೋಲಿಸಿದ, ಅಂದರೆ ದೋಷ ತನ್ನಲ್ಲೇ ಇದೆ ಅಂದುಕೊಂಡಿದ್ದ. ನನಗೆ ತುಂಬಾ ನಾಚಿಕೆಯಾಯಿತು. ನಿಜವಾದ ರೇಟಿಂಗ್ ಹೇಳಿದೆ, ಕ್ಷಮೆ ಕೇಳಿದೆ. ಆಟದ ಶುರುವಿನಲ್ಲಿ ಕೆಲಸದವರಲ್ಲಿ ಆರು ಜನ ಕುರಿಗೆ, ನಾಲ್ಕು ಜನ ಮರಕ್ಕೆ, ಆಮೇಲಿನವನು ಹಂದಿ ಎಳೆದು ತರಲಿ ಅಂತ ಎಲ್ಲ ಬರೆದುಕೊಟ್ಟೆ. ಆ ಖಾತೆಯಲ್ಲಿ ಮತ್ತೆ ಆಡಲಿಲ್ಲ. ಚೆಸ್ ಆಡುವ ವೆಬ್‌ಸೈಟ್ ಲಿಚೆಸ್‌ನಲ್ಲಿ ಹೀಗೆ ಬೇಕಂತ ಸೋತು ರೇಟಿಂಗ್ ಇಳಿಸುವುದು ನಿಯಮಕ್ಕೇ ವಿರುದ್ಧ. ಅದು ಸರಿಯಾದ ನಿಯಮ.

ನೀವು ನಿಮ್ಮ ಬಲ ಮುಚ್ಚಿಟ್ಟಿಲ್ಲ. ನಿಮ್ಮ ಹಳ್ಳಿ ಎಷ್ಟು ದೊಡ್ಡದು ಅಂತ ಅವನಿಗೆ ಕಾಣುತ್ತೆ. ಹಾಗಾಗಿ ನಿಮ್ಮದನ್ನು ಸರಿ ಮಾಡುವುದು ಸುಲಭ.

ಮತ್ತೊಂದು

ನಾನು ಅಂಥದೇ ಒಬ್ಬ ಗಾಲ್ ಆಗಿದ್ದವಳು. ಬೆಳಗ್ಗೆ ಎದ್ದರೆ ರಿಪೋರ್ಟ್‌ಗಳ ಸಾಲು, ಮರ, ಮಣ್ಣು, ಕಬ್ಬಿಣ ಎಲ್ಲ ಸೊನ್ನೆ. ಬಿಡಬೇಕು ಅಂತಿದ್ದೆ. ಆಗ ದೋಚುತ್ತಿದ್ದವರೇ ಬರೆದರು: "ಕ್ರ್ಯಾನಿ ಹತ್ತನೇ ಹಂತಕ್ಕೆ ಏರಿಸಿ, ಸಾಲದಿದ್ದರೆ ಇನ್ನೊಂದು ಕಟ್ಟಿ. ಮಲಗುವ ಮುಂಚೆ ಸಾಮಾನೆಲ್ಲ ಖರ್ಚು ಮಾಡಿ. ಬಲೆ ಹಾಕಿ. ಒಂದು ವಾರ ಬರಲ್ಲ, ಆಮೇಲೆ ಬರ್ತೀನಿ." ಹೇಳಿದ ಹಾಗೇ ಬಂದರು. ಅವರ 14 ಜನ ನನ್ನ ಬಲೆಗೆ ಬಿದ್ದರು. ಆ ರಿಪೋರ್ಟ್ ಎಷ್ಟು ಸಲ ತೆಗೆದು ನೋಡಿದೆನೋ.

ಪೂರ್ತಿ ಬಿಟ್ಟುಬಿಡಿ ಅಂತ ಮಾತ್ರ ನಾನು ಹೇಳಲ್ಲ. ಚಿಕ್ಕವಳಿದ್ದಾಗ ಅಕ್ಕಂದಿರು ನನ್ನನ್ನು "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಳ್ಳುತ್ತಿದ್ದರು. ಔಟಾದರೂ ಔಟಿಲ್ಲ. ಮೊದಮೊದಲು ಚೆನ್ನಾಗಿತ್ತು, ಆಮೇಲೆ ಅಳು ಬರುತ್ತಿತ್ತು. ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಜಗಳ ಮಾಡುತ್ತಿದ್ದೆ. ಅವನಿಗೆ ಹೇಳಿಕೊಡಿ, ಸಮಯ ಕೊಡಿ, ಆಮೇಲೆ ಧಾರಾಳವಾಗಿ ಹೋಗಿ.

ಮೊದಲ ಉತ್ತರ ಬರೆದವನೇ

ಲೀಡರ್‌ಗೆ ಏನು ಹೇಳೋದು ಅನ್ನೋದನ್ನು ಬಿಟ್ಟಿದ್ದೆ. ಅವರಿಗೆ ಬೇಕಾಗಿರುವುದು ಸಾಮಾನು. ಆಡುವುದನ್ನು ಬಿಟ್ಟವರ ಹಳ್ಳಿಗಳನ್ನು ಹುಡುಕಿ ಲಿಸ್ಟ್‌ಗೆ ಸೇರಿಸಿ, ಅಲ್ಲಿ ಯಾರಿಗೂ ನೋವಾಗಲ್ಲ. ಗಾಲ್‌ನಿಂದ ಬರುವಷ್ಟು ಅಲ್ಲೇ ಬರುತ್ತೆ.

ಪ್ರಶ್ನೆ ಕೇಳಿದವನು

ಅವನನ್ನು ಲಿಸ್ಟ್‌ನಿಂದ ತೆಗೆದು, ಕ್ರ್ಯಾನಿ ಕಟ್ಟು, ಹತ್ತು ದಿನ ಬರಲ್ಲ ಅಂತ ಬರೆದೆ. ಲೀಡರ್‌ಗೂ ಹೇಳಿದೆ, ಅವರಿಗೆ ಇಷ್ಟವಾಗಲಿಲ್ಲ. ಅವನಿಂದ ಈಗಷ್ಟೇ ಉತ್ತರ ಬಂತು: "ಕ್ರ್ಯಾನಿ ಅಂದ್ರೆ ಯಾವುದು? ಎಲ್ಲಿ ಕಟ್ಟೋದು?" ಸ್ಕ್ರೀನ್‌ಶಾಟ್ ಕಳಿಸುತ್ತಿದ್ದೇನೆ.