ಕುರ್ಚಿಯೊಂದು ಬಿಟ್ಟು

ಮಹಿಳೆಯರಲ್ಲಿ ನಾಯಕತ್ವ ಬೆಳೆಸುವುದು ಹೇಗೆ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡಬೇಕೆಂದು ನಮ್ಮ ವಾಸುವಿಗೆ ಕರೆ ಬಂದಿತ್ತು. ನಿನ್ನನ್ನೇ ಯಾಕೋ ಕರೆದರು ಎಂದು ನಾವು ಕೇಳುವ ಮೊದಲೇ ಅವನು ಉತ್ತರ ಕೊಟ್ಟ.

“ಇಬ್ಬರು ಅಕ್ಕಂದಿರು, ಒಬ್ಬಳು ಹೆಂಡತಿ, ಒಬ್ಬಳು ಮಗಳು. ಅನುಭವ ಅಂದರೆ ಇನ್ನೇನು ಬೇಕು?”

“ಅಂದರೆ ನೀನು ನಾಲ್ವರ ಆಳ್ವಿಕೆ ಕಂಡ ಪ್ರಜೆ,” ಅಂದಳು ಕಮಲಾ. “ಆಗಲಿ, ಪ್ರಜೆಯ ಅಹವಾಲೂ ಕೇಳೋಣ.”

ಕಮಲಾ ಇತಿಹಾಸ ಪಾಠ ಮಾಡುವವಳು. ಇಸವಿ ಇಲ್ಲದೆ ಅವಳ ಬಾಯಿಂದ ಒಂದು ವಾಕ್ಯ ಹೊರಡುವುದಿಲ್ಲ. ರಜನಿ ಒಂದು ಕಂಪನಿಯಲ್ಲಿ ದೊಡ್ಡ ಕೆಲಸ ಮಾಡುತ್ತಾಳೆ, ಆದರೆ ದೊಡ್ಡ ಹುದ್ದೆಯಲ್ಲಿಲ್ಲ. ಇವೆರಡರ ವ್ಯತ್ಯಾಸ ತಿಳಿಯಬೇಕಾದರೆ ಅವಳನ್ನೇ ಕೇಳಬೇಕು. ಗೋಪಿ ಮೊದಲು ವಿರೋಧಿಸಿ, ಆಮೇಲೆ ವಿಷಯ ಏನು ಎಂದು ವಿಚಾರಿಸುವ ಜಾತಿ. ನಾನು ಕೇಳಿಸಿಕೊಳ್ಳುವವನು, ಗುಂಪಿನಲ್ಲಿ ಅಂಥವನೂ ಒಬ್ಬ ಇರಬೇಕಲ್ಲ.

ವಾಸು ಹಾಳೆ ಬಿಚ್ಚಿ ಗಂಟಲು ಸರಿಮಾಡಿಕೊಂಡ. “ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಇಂದಿರಾ ಗಾಂಧಿಯವರಿಂದ ಹಿಡಿದು…”

“ಸಿರಿಮಾವೊ ಬಂಡಾರನಾಯಕೆ. 1960. ಸಿಲೋನ್,” ಅಂದಳು ಕಮಲಾ. “ಇಂದಿರಾ 1966. ಮುಂದೆ ಓದು.”

ಮೊದಲ ಸಾಲಿಗೇ ಪೆಟ್ಟು ಬಿದ್ದರೂ ವಾಸು ಕಂಗೆಡಲಿಲ್ಲ. “ಹೆಣ್ಣು ಮನಸ್ಸು ಮಾಡಿದರೆ ಏನನ್ನಾದರೂ ಸಾಧಿಸಬಲ್ಲಳು. ಅವಳಲ್ಲಿ ಕೊರತೆ ಇರುವುದು ಆತ್ಮವಿಶ್ವಾಸದ್ದು ಮಾತ್ರ.”

“ಅದನ್ನೂ ತುಂಬಿಯಾಯಿತು,” ಅಂದಳು ರಜನಿ. “ನಮ್ಮ ಕಂಪನಿಯವರು ನನಗೆ ಆತ್ಮವಿಶ್ವಾಸದ ತರಬೇತಿ ಕೊಟ್ಟರು. ಆಮೇಲೆ ದಿಟ್ಟವಾಗಿ ಮಾತಾಡುವ ತರಬೇತಿ. ಆಮೇಲೆ ಹೇಗೆ ನಿಲ್ಲಬೇಕು, ಹೇಗೆ ಕೂರಬೇಕು ಅನ್ನುವ ತರಬೇತಿ. ಈಗ ಆತ್ಮವಿಶ್ವಾಸದಿಂದ, ದಿಟ್ಟವಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಅದೇ ಹಳೇ ಕುರ್ಚಿಯಲ್ಲಿ ಕೂತಿದ್ದೇನೆ.”

“ಬಡ್ತಿ?”

“ಪಕ್ಕದ ಕೋಣೆಯವನಿಗಾಯಿತು. ಅವನಿಗೆ ಯಾವ ತರಬೇತಿಯೂ ಬೇಕಾಗಲಿಲ್ಲ.”

ವಾಸು ಆ ಸಾಲಿನ ಮೇಲೆ ಗೀಟು ಎಳೆದ.

“ವೇದಿಕೆ ಮೇಲೆ ಯಾರ್‍ಯಾರು ಇರ್ತೀರಿ?” ಎಂದು ಕಮಲಾ ಕೇಳಿದಳು. ಅಧ್ಯಕ್ಷರು, ಕಾರ್ಯದರ್ಶಿಗಳು, ತಾನು ಎಂದ ವಾಸು. ಮೂವರೂ ಗಂಡಸರೇ. ಸ್ವಾಗತ ಗೀತೆಗೆ ಮಾತ್ರ ಇಬ್ಬರು ಹುಡುಗಿಯರಂತೆ.

“ಪರವಾಗಿಲ್ಲ, ನಿಮಗಿಂತ ಮುಂದೆ ಹೋದವರಿದ್ದಾರೆ. 2017ರಲ್ಲಿ ಸೌದಿ ಅರೇಬಿಯಾದ ಕಸೀಮ್ ಪ್ರಾಂತ್ಯದಲ್ಲಿ ಹುಡುಗಿಯರ ಮಂಡಳಿ ಅಂತ ಶುರು ಮಾಡಿದರು. ಮೊದಲ ಸಭೆಯ ಫೋಟೊ ಲೋಕವೆಲ್ಲ ನೋಡಿತು. ವೇದಿಕೆ ಮೇಲೆ 13 ಗಂಡಸರು. ಹುಡುಗಿ ಒಬ್ಬಳೂ ಇಲ್ಲ.”

“ಮತ್ತೆ ಹುಡುಗಿಯರು ಎಲ್ಲಿದ್ದರು?”

“ಬೇರೆ ಕೋಣೆಯಲ್ಲಿ. ವಿಡಿಯೊದಲ್ಲಿ ನೋಡುತ್ತಿದ್ದರಂತೆ.”

ಗೋಪಿ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಕಮಲಾ ಅವನ ಕಡೆ ತಿರುಗಿದಳು. “ಸೌದಿಯವರನ್ನು ನೋಡಿ ನಗೋದು ಸುಲಭ ಕಣೋ. 1995ರಲ್ಲಿ ಬೀಜಿಂಗ್‌ನಲ್ಲಿ ವಿಶ್ವಸಂಸ್ಥೆ ದೊಡ್ಡ ಮಹಿಳಾ ಸಮ್ಮೇಳನ ನಡೆಸಿ, ಅಧಿಕಾರದ ಜಾಗಗಳಿಗೆ ಹೆಂಗಸರು ಬರಬೇಕು ಅಂತ 189 ದೇಶಗಳಿಂದ ಒಪ್ಪಿಗೆ ಪಡೆಯಿತು. ಆ ವಿಶ್ವಸಂಸ್ಥೆ ಹುಟ್ಟಿದ್ದು 1945ರಲ್ಲಿ. ಟ್ರಿಗ್ವೆ ಲೀಯಿಂದ ಗುಟೆರೆಸ್ ತನಕ ಪ್ರಧಾನ ಕಾರ್ಯದರ್ಶಿಗಳು 9 ಜನ. ಅದರಲ್ಲಿ ಹೆಂಗಸರು ಎಷ್ಟು?”

“ಎಷ್ಟು?”

“ಕಸೀಮ್ ವೇದಿಕೆಯಲ್ಲಿದ್ದಷ್ಟೇ.”

ಇಷ್ಟಾದ ಮೇಲೆ ಗೋಪಿ ತನ್ನ ಖಾಯಂ ವಿರೋಧಕ್ಕೆ ಇಳಿದ. “ನೋಡ್ರಪ್ಪಾ, ಯೋಗ್ಯತೆ ಇದ್ದವರು ತಾವಾಗಿಯೇ ಮೇಲೆ ಬರ್ತಾರೆ. ಅವರಿಗೆ ಬೆಂಬಲ, ಮೀಸಲು, ಇವೆಲ್ಲ ಯಾಕೆ?”

“ಯೋಗ್ಯತೆ ಎಲ್ಲಿದೆ ಅಂತ 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಲೆಕ್ಕ ಹಾಕಿದರು,” ಅಂದಳು ಕಮಲಾ. “ಅಮೆರಿಕದ 1500 ದೊಡ್ಡ ಕಂಪನಿಗಳನ್ನು ತೆಗೆದುಕೊಂಡು ನೋಡಿದರೆ, ಅವುಗಳ ಮುಖ್ಯಸ್ಥರಲ್ಲಿ ಹೆಂಗಸರಿಗಿಂತ ಜಾನ್ ಎಂಬ ಹೆಸರಿನವರೇ ಹೆಚ್ಚು. ಒಟ್ಟು ಗಂಡಸರಲ್ಲ, ಬರೀ ಜಾನ್‌ಗಳು.”

“ಹಾಗಾದರೆ ಮಗಳಿಗೆ ಜಾನ್ ಅಂತಲೇ ಹೆಸರಿಡಬೇಕಿತ್ತು,” ಎಂದು ವಾಸು ನಿಜವಾಗಿಯೂ ಪೇಚಾಡಿಕೊಂಡ.

“ಹೆಸರು ಬದಲಾಯಿಸಿಕೊಂಡು ಒಳಗೆ ಹೋದರೂ ಶೌಚಾಲಯಕ್ಕೆ ಎಲ್ಲಿಗೆ ಹೋಗ್ತಾಳೆ?” ಅಂದಳು ರಜನಿ.

ಇದು ಎಲ್ಲಿಂದ ಬಂತು ಎಂದು ನಾವು ಮುಖ ಮುಖ ನೋಡಿಕೊಂಡೆವು. ಆದರೆ ಅವಳು ಹೇಳಿದ್ದನ್ನು ಕೇಳಿದ ಮೇಲೆ, ಇಡೀ ಭಾಷಣವನ್ನು ಇದರ ಮೇಲೆಯೇ ಮಾಡಬಹುದಿತ್ತು ಅನ್ನಿಸಿತು ನನಗೆ. ಅಮೆರಿಕದ ಸಂಸತ್ತಿಗೆ ಮೊದಲ ಮಹಿಳೆ ಜೆನೆಟ್ ರಾಂಕಿನ್ ಕಾಲಿಟ್ಟದ್ದು 1917ರಲ್ಲಿ. ಆಕೆ ಕೂತ ಆ ಕೆಳಮನೆಯಲ್ಲಿ ಸಭಾಂಗಣದ ಪಕ್ಕದಲ್ಲೇ ಮಹಿಳಾ ಸದಸ್ಯರಿಗೊಂದು ಶೌಚಾಲಯ ಆದದ್ದು 2011ರಲ್ಲಿ! ನಡುವೆ 94 ವರ್ಷ. ಆ ಅವಧಿಯಲ್ಲಿ ಎರಡು ಮಹಾಯುದ್ಧಗಳು ಮುಗಿದವು, ಮನುಷ್ಯ ಚಂದ್ರನ ಮೇಲೆ ನಡೆದು ಬಂದ, ಸ್ವತಃ ಆ ಸಭೆಗೇ ನ್ಯಾನ್ಸಿ ಪೆಲೋಸಿ ಎಂಬ ಮಹಿಳೆ ಸ್ಪೀಕರ್ ಆಗಿ ಇಳಿದೂ ಆಯಿತು. ಗಂಡಸರದ್ದು ಕೂಗಳತೆಯಲ್ಲೇ ಇತ್ತು. ಹೆಂಗಸರು ಮಾತ್ರ ಉದ್ದನೆಯ ಓಣಿಗಳನ್ನು ದಾಟಿ ಹೋಗಿ, ಮತದಾನದ ಗಂಟೆ ಬಾರಿಸುವಷ್ಟರಲ್ಲಿ ಓಡಿ ಬರಬೇಕು.

“ಕಟ್ಟಡ ಕಟ್ಟಿದವರಿಗೆ ಹೆಂಗಸರ ಮೇಲೆ ದ್ವೇಷವೇನೂ ಇರಲಿಲ್ಲ,” ಅಂದಳು ರಜನಿ. “ಬರ್ತಾರೆ ಅಂತ ಅಂದುಕೊಂಡಿರಲಿಲ್ಲ, ಅಷ್ಟೆ. ನಮ್ಮ ಕಂಪನಿಯಲ್ಲೂ ಅಷ್ಟೇ ಕಣೋ. ಮುಖ್ಯ ಮೀಟಿಂಗ್ ಸಂಜೆ ಏಳಕ್ಕೆ. ಯಾರೂ ಬೇಕೆಂದು ಇಟ್ಟದ್ದಲ್ಲ. ಏಳು ಗಂಟೆಗೆ ಮನೆಯಲ್ಲಿ ಮಕ್ಕಳನ್ನು ಬೇರೆ ಯಾರೋ ನೋಡಿಕೊಳ್ಳುತ್ತಿರುವವರು ಇಟ್ಟದ್ದು.”

ಗೋಪಿ ಮೀಸಲಿನ ವಿಷಯ ಬಿಡಲಿಲ್ಲ. ಹೆಂಡತಿ ಗೆದ್ದರೆ ಗಂಡ ಆಳುತ್ತಾನೆ, ಸರಪಂಚ್ ಪತಿ ಅಂತ ಹುದ್ದೆಯೇ ಹುಟ್ಟಿಕೊಂಡಿಲ್ಲವೇ ಎಂದು ಸವಾಲು ಹಾಕಿದ. ಅದು ಸುಳ್ಳು ಎಂದು ಕಮಲಾ ಹೇಳುತ್ತಾಳೇನೋ ಅಂದುಕೊಂಡೆ. ಅವಳು ಇನ್ನೊಂದು ಸಾಕ್ಷಿ ಒದಗಿಸಿದಳು.

“ಮೆಕ್ಸಿಕೊದಲ್ಲಿ ಇನ್ನೂ ನಾಜೂಕಾಗಿ ಮಾಡಿದರು. ಅಲ್ಲಿ ಪ್ರತಿ ಅಭ್ಯರ್ಥಿಯ ಜೊತೆ ಒಬ್ಬ ಬದಲಿ ಇರುತ್ತಾನೆ. 2009ರಲ್ಲಿ ಕೋಟಾ ತುಂಬಿಸಲು ಹೆಂಗಸರನ್ನು ನಿಲ್ಲಿಸಿದರು. ಗೆದ್ದು ಸಂಸತ್ತಿಗೆ ಬಂದದ್ದೇ ತಡ, ಅವರಲ್ಲಿ ಎಂಟು ಜನ ರಜೆ ಚೀಟಿ ಕೊಟ್ಟು ಎದ್ದು ಹೋಗಲು ನಿಂತರು. ಆ ಜಾಗಕ್ಕೆ ಬದಲಿಗಳು. ಬದಲಿಗಳು ಯಾರು? ಒಬ್ಬಳ ಗಂಡ, ಇನ್ನೊಬ್ಬಳ ಅಣ್ಣ…”

“ನೋಡಿದ್ಯಾ!” ಎಂದು ಗೋಪಿ ತೊಡೆ ತಟ್ಟಿದ.

“ಪೂರ್ತಿ ಕೇಳು. ಹೆಂಗಸರೇ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ತೀರ್ಪು ಬಂತು: ಅಭ್ಯರ್ಥಿ ಹೆಂಗಸಾದರೆ ಬದಲಿಯೂ ಹೆಂಗಸೇ ಆಗಿರಬೇಕು. ಗಂಡ, ಅಣ್ಣ ಎಲ್ಲ ಮನೆಗೆ. ಈಗ ಅಲ್ಲಿಯ ಕೆಳಮನೆಯಲ್ಲಿ ಅರ್ಧಕ್ಕರ್ಧ ಹೆಂಗಸರು. 2024ರಿಂದ ದೇಶದ ಅಧ್ಯಕ್ಷೆ ಕ್ಲಾಡಿಯಾ ಶೇನ್‌ಬಾಮ್. ಕಿಂಡಿ ಇದೆ ಅಂತ ಗೊತ್ತಾದರೆ ಕಿಂಡಿ ಮುಚ್ಚಬೇಕು ಕಣೋ, ಬಾಗಿಲನ್ನೇ ಗೋಡೆ ಮಾಡೋದಲ್ಲ.”

ರುವಾಂಡಾದ ಮಾತೂ ಬಂತು. 2003ರ ಸಂವಿಧಾನದಲ್ಲಿ ಶೇ. 30 ಎಂದು ಬರೆದದ್ದು. 2008ಕ್ಕೆ ಹೆಂಗಸರೇ ಬಹುಮತದಲ್ಲಿರುವ ಜಗತ್ತಿನ ಮೊದಲ ಸಂಸತ್ತು, 2013ರಲ್ಲಿ ಶೇ. 64. ಆ ಸಂಸತ್ತು ಅಧ್ಯಕ್ಷರ ಮಾತಿಗೆ ಎಷ್ಟರಮಟ್ಟಿಗೆ ಎದುರಾಡಬಲ್ಲದು ಎನ್ನುವುದು ಬೇರೆ ಪ್ರಶ್ನೆ ಎಂದು ಕಮಲಾ ತಾನೇ ಸೇರಿಸಿದಳು. ಲೆಕ್ಕ ತುಂಬಿತು ಅಂದ ಮಾತ್ರಕ್ಕೆ ಅಧಿಕಾರ ಬಂತು ಎಂದೇನೂ ಅಲ್ಲವಲ್ಲ.

ನನಗೆ ಹಿಡಿಸಿದ್ದು ಮಾತ್ರ ಪಶ್ಚಿಮ ಬಂಗಾಳದ ಕಥೆ. ಅಲ್ಲಿ ಆಗ ಪಂಚಾಯಿತಿ ಮುಖ್ಯಸ್ಥರ ಸ್ಥಾನದಲ್ಲಿ ಮೂರರಲ್ಲೊಂದು ಸರದಿಯ ಪ್ರಕಾರ ಹೆಂಗಸರಿಗೆ ಮೀಸಲಿತ್ತು. ಎರಡು ಅವಧಿ ಹೆಂಗಸು ಮುಖ್ಯಸ್ಥೆಯಾಗಿದ್ದ ಹಳ್ಳಿಗಳಲ್ಲಿ ಏನಾಯಿತು ಎಂದು ಅರ್ಥಶಾಸ್ತ್ರಜ್ಞರು ನೋಡಿ 2012ರಲ್ಲಿ ಪ್ರಕಟಿಸಿದರು. ಹೆತ್ತವರು ಮಗಳ ಬಗ್ಗೆ ಇಟ್ಟುಕೊಂಡ ಆಸೆ ಹಿಗ್ಗಿತ್ತು. ಓದಿನಲ್ಲಿ ಹುಡುಗ ಹುಡುಗಿಯರ ಅಂತರ ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತು ಇಳಿದಿತ್ತು. ಯಾರೂ ಆ ಹುಡುಗಿಯರಿಗೆ ಬೆನ್ನು ನೆಟ್ಟಗೆ ಕೂರುವ ತರಬೇತಿ ಕೊಟ್ಟಿರಲಿಲ್ಲ.

“ಈಗೀಗ ಕಂಪನಿಗಳೂ ತಾವಾಗಿಯೇ ಕರೆದು ಕುರ್ಚಿ ಕೊಡುತ್ತಿವೆ,” ಎಂದು ವಾಸು ಹಾಳೆಯ ಕೊನೆಯ ಪ್ಯಾರಾಕ್ಕೆ ಬಂದ.

“ಯಾವಾಗ ಕೊಡ್ತಾರೆ ಅನ್ನೋದನ್ನು ನೋಡು,” ಅಂದಳು ರಜನಿ. “ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಇಬ್ಬರು 2005ರಲ್ಲಿ ಬ್ರಿಟನ್ನಿನ ದೊಡ್ಡ ಕಂಪನಿಗಳ ದಾಖಲೆ ತೆಗೆದು ನೋಡಿದರು. ಷೇರು ಬೆಲೆ ತಿಂಗಳುಗಟ್ಟಲೆ ಕುಸಿಯುತ್ತಿದ್ದಾಗಲೇ ಹೆಂಗಸರನ್ನು ಆಡಳಿತ ಮಂಡಳಿಗೆ ಕರೆಯುವುದು ಹೆಚ್ಚು. ಗ್ಲಾಸ್ ಕ್ಲಿಫ್ ಅಂತ ಅದಕ್ಕೆ ಹೆಸರು. ಹಡಗಿಗೆ ತೂತು ಬಿದ್ದ ಮೇಲೆ, ಬಾಮ್ಮಾ, ಚುಕ್ಕಾಣಿ ಹಿಡಿ ಅನ್ನೋದು.”

“ಐಸ್‌ಲ್ಯಾಂಡ್!” ಎಂದು ಕಮಲಾ ಕೂಗಿದಳು. “2008ರಲ್ಲಿ ಅಲ್ಲಿಯ ಬ್ಯಾಂಕುಗಳೆಲ್ಲ ಮಕಾಡೆ ಮಲಗಿದವು. 2009ರ ಫೆಬ್ರವರಿಯಲ್ಲಿ ಮೊದಲ ಸಲ ಹೆಂಗಸು ಪ್ರಧಾನಿ, ಯೊಹಾನಾ ಸಿಗುರ್ದಾರ್ದೊತ್ತಿರ್.”

ಹೆಸರನ್ನು ಒಂದೇ ಉಸಿರಿಗೆ ಹೇಳಿದ್ದಕ್ಕೆ ಗೋಪಿ ಚಪ್ಪಾಳೆ ತಟ್ಟಿದ. ಆದರೆ ಐಸ್‌ಲ್ಯಾಂಡಿನ ಸೊಗಸು ಇರುವುದು ಅದಕ್ಕೂ ಹಿಂದೆ. 1975ರ ಅಕ್ಟೋಬರ್ 24ರಂದು ಅಲ್ಲಿಯ ಶೇ. 90ರಷ್ಟು ಹೆಂಗಸರು ಒಂದು ದಿನ ಕೆಲಸ ಬಿಟ್ಟರು. ಕಚೇರಿ ಕೆಲಸ, ಮನೆ ಕೆಲಸ, ಮಕ್ಕಳ ಕೆಲಸ, ಎಲ್ಲವನ್ನೂ. ಅಪ್ಪಂದಿರು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಕಚೇರಿಗೆ ಹೋದರು. ಐದು ವರ್ಷಕ್ಕೆ, 1980ರಲ್ಲಿ, ಒಬ್ಬಂಟಿಯಾಗಿ ಮಗಳನ್ನು ಸಾಕುತ್ತಿದ್ದ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಚುನಾವಣೆ ಗೆದ್ದು ಅಧ್ಯಕ್ಷೆಯಾದರು. 16 ವರ್ಷ ಇದ್ದರು. ಅಷ್ಟರಲ್ಲಿ ಹುಟ್ಟಿ ಬೆಳೆದ ಮಕ್ಕಳು, ಗಂಡಸರೂ ಅಧ್ಯಕ್ಷರಾಗಬಹುದಾ ಎಂದು ಕೇಳುತ್ತಿದ್ದರಂತೆ.

“ಅಂದರೆ ಒಂದು ದಿನ ನಾವು ಮಗು ಎತ್ತಿಕೊಂಡರೆ ಸಾಕು ಅನ್ನು,” ಅಂದ ಗೋಪಿ.

“ಒಂದು ದಿನಕ್ಕೇ ಅಷ್ಟಾಯಿತು. ದಿನಾ ಎತ್ತಿಕೊಂಡಿದ್ದರೆ ಲೆಕ್ಕ ಹಾಕಿಕೋ.”

ಇಲ್ಲಿ ರಜನಿ ಸ್ವಲ್ಪ ಮುಂದಕ್ಕೆ ಬಾಗಿ, ವಾಸುವಿನ ಭಾಷಣಕ್ಕೆ ಬೆನ್ನೆಲುಬು ಆಗಬಹುದಾದ ಮಾತೊಂದನ್ನು ಹೇಳಿದಳು. “ಬುದ್ಧಿ ಹೇಳುವ ಮೆಂಟರ್‌ಗಳು ನನಗೆ ಬೇಕಾದಷ್ಟು ಜನ ಸಿಕ್ಕಿದ್ದಾರೆ. ಕೊರತೆ ಸ್ಪಾನ್ಸರ್‌ಗಳದ್ದು. ಹುದ್ದೆ ಯಾರಿಗೆ ಅಂತ ತೀರ್ಮಾನ ಆಗುವ ಕೋಣೆಯಲ್ಲಿ ನಾನು ಇರುವುದಿಲ್ಲ. ಅಲ್ಲಿ ಇರುವವರು ಯಾರಾದರೂ ನನ್ನ ಹೆಸರು ಎತ್ತಬೇಕು.”

ವಾಸು ತನ್ನ ಪೆನ್ನಿನ ಮುಚ್ಚಳ ಹುಡುಕುತ್ತಿದ್ದ. ಅರ್ಧ ನಿಮಿಷ ಕಳೆಯಿತು. ಗೋಪಿ ಮೇಲಕ್ಕೆ ನೋಡುತ್ತ ಹೇಳಿದ: “ನನಗೇನನ್ನಿಸುತ್ತೆ ಅಂದರೆ, ಬುದ್ಧಿ ಹೇಳೋದಕ್ಕಿಂತ, ಒಳಗೆ ಕೂತವರು ಹೊರಗಿರುವವಳ ಹೆಸರು ಹೇಳಬೇಕು.”

“ಆಹಾ! ಎಂಥ ಮಾತು ಹೇಳಿದೆಯೋ ಗೋಪಿ!” ಎಂದು ವಾಸು ಬರೆದುಕೊಂಡೇಬಿಟ್ಟ.

ರಜನಿ ನನ್ನ ಮುಖ ನೋಡಿದಳು. ಕಮಲಾ ಮೇಜು ಕುಟ್ಟಿದಳು. “ಈಗಷ್ಟೇ ಆದದ್ದಕ್ಕೆ ಒಬಾಮ ಕಾಲದ ಶ್ವೇತಭವನದಲ್ಲಿ ಹೆಂಗಸರು ಮದ್ದು ಕಂಡುಹಿಡಿದಿದ್ದರು. ಶುರುವಿನಲ್ಲಿ ಅಲ್ಲಿಯ ಮೇಲಿನ ಅಧಿಕಾರಿಗಳಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರು. ಸಭೆಯಲ್ಲಿ ಒಬ್ಬಳು ಒಂದು ಒಳ್ಳೆಯ ಮಾತು ಹೇಳಿದರೆ, ಇನ್ನೊಬ್ಬಳು ಕೂಡಲೇ ಅವಳ ಹೆಸರು ಹಿಡಿದು ಅದನ್ನೇ ಮತ್ತೆ ಹೇಳುತ್ತಿದ್ದಳು. ಕದಿಯಲು ಯಾರಿಗೂ ಸಂದಿಯೇ ಸಿಗದ ಹಾಗೆ. ಕ್ರಮೇಣ ಒಬಾಮ ಕೂಡ ಹೆಂಗಸರನ್ನು ಹೆಚ್ಚು ಹೆಚ್ಚು ಕರೆದು ಕೇಳತೊಡಗಿದರು. ಹಾಗಾಗಿ ಮತ್ತೆ ಹೇಳ್ತೀನಿ: ರಜನಿ ಹೇಳಿದ ಹಾಗೆ, ಒಳಗಿದ್ದವರು ಹೆಸರು ಎತ್ತಬೇಕು. ರಜನಿ. ಬರೆದುಕೋ.”

ವಾಸು ‘ಗೋಪಿ’ ಹೊಡೆದುಹಾಕಿ ‘ರಜನಿ’ ಎಂದು ಬರೆದ. ಗೋಪಿ, ತಾನು ಬೇಕೆಂದೇ ಉದಾಹರಣೆಗಾಗಿ ಹಾಗೆ ಮಾಡಿದ್ದು ಎಂದ. ಯಾರೂ ನಂಬಲಿಲ್ಲ.

“ಇಷ್ಟೆಲ್ಲ ನನಗೆ ನೆನಪಿರೋಲ್ಲ,” ಎಂದ ವಾಸು ಕೊನೆಗೆ. “ಯಾರಾದರೂ ಎಲ್ಲವನ್ನೂ ನೀಟಾಗಿ ಬರೆದುಕೊಡ್ರಪ್ಪಾ.” ಹಾಗೆನ್ನುತ್ತ ಅವನ ಕಣ್ಣು ತಾನಾಗಿಯೇ ಹೆಂಗಸರಿಬ್ಬರ ಕಡೆ ಹೋಯಿತು.

“ಇದಕ್ಕೂ ಒಂದು ಪ್ರಯೋಗ ಇದೆ,” ಅಂದಳು ರಜನಿ. “ಲಿಂಡಾ ಬ್ಯಾಬ್‌ಕಾಕ್ ಮತ್ತು ಜೊತೆಯವರು 2017ರಲ್ಲಿ ಪ್ರಕಟಿಸಿದ್ದು. ಮೂವರು ಮೂವರ ಗುಂಪು. ಎರಡು ನಿಮಿಷದೊಳಗೆ ಯಾರಾದರೂ ಒಬ್ಬರು ಒಂದು ಗುಂಡಿ ಒತ್ತಬೇಕು. ಒತ್ತಿದವರಿಗೆ ಲಾಭ ಕಡಿಮೆ, ಒತ್ತದವರಿಗೆ ಹೆಚ್ಚು, ಯಾರೂ ಒತ್ತದಿದ್ದರೆ ಎಲ್ಲರಿಗೂ ಇನ್ನೂ ಕಡಿಮೆ. ಗಂಡಸರು ಹೆಂಗಸರು ಬೆರೆತ ಗುಂಪಿನಲ್ಲಿ ಒತ್ತುವವರು ಹೆಚ್ಚಾಗಿ ಹೆಂಗಸರು. ಬಡ್ತಿಗೆ ಲೆಕ್ಕಕ್ಕೆ ಬಾರದ ಕೆಲಸವೆಲ್ಲ ನಮ್ಮ ಮೇಜಿನ ಮೇಲೆ ಬೀಳೋದು ಹೀಗೇ.”

“ಗಂಡಸರಿಗೆ ಒತ್ತೋಕೆ ಬರಲ್ಲವಾ?” ಎಂದೆ.

“ಬರುತ್ತೆ. ಬರೀ ಗಂಡಸರ ಗುಂಪು ಮಾಡಿದರೆ ಚೆನ್ನಾಗಿಯೇ ಒತ್ತುತ್ತಾರೆ. ಪಕ್ಕದಲ್ಲಿ ಹೆಂಗಸು ಇದ್ದರೆ ಮಾತ್ರ ಕಾಯುತ್ತಾರೆ.”

ಇಷ್ಟು ಹೇಳಿ ರಜನಿ ಕೈ ಕಟ್ಟಿಕೊಂಡು ಕೂತಳು. ಕಮಲಾ ಕಿಟಕಿಯ ಆಚೆ ಏನೋ ಕಂಡವಳಂತೆ ನೋಡತೊಡಗಿದಳು. ವಾಸು ಭಾಷಣಕಾರ, ಅವನು ಬರೆಯುವ ಹಾಗಿಲ್ಲ. ಗೋಪಿ ತನಗೆ ಕನ್ನಡಕ ತರಲು ಮರೆತುಹೋಯಿತು ಎಂದ. ಕನ್ನಡಕ ಅವನ ಮೂಗಿನ ಮೇಲೆಯೇ ಇತ್ತು. ಒಂದು ನಿಮಿಷ ಆಯಿತು. ಒಂದೂವರೆ ಆಯಿತು. ಹೆಂಗಸರಿಬ್ಬರೂ ಅಲುಗಾಡಲಿಲ್ಲ.

ಎರಡು ನಿಮಿಷ ತುಂಬಲು ಇನ್ನೇನು ಎರಡು ಸೆಕೆಂಡು ಇದೆ ಅನ್ನುವಾಗ ನಾನು ಪೆನ್ನು ಎತ್ತಿಕೊಂಡೆ. ಅಕ್ಷರ ಚೆನ್ನಾಗಿಲ್ಲದಿದ್ದರೆ ಓದುವವರು ಕ್ಷಮಿಸಬೇಕು, ಈ ಕೆಲಸದಲ್ಲಿ ನನಗೆ ತರಬೇತಿ ಆಗಿಲ್ಲ.