ಜೇನು ಸಾಕುವವರ ಸೈಟ್‌ಗೆ ಉಚಿತ, ಭದ್ರ ಫೋರಂ ಸಾಫ್ಟ್‌ವೇರ್ ಯಾವುದು ಹಾಕಲಿ?

ತುಡುವೆ_ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ, ಸಿದ್ದಾಪುರ ಕಡೆಯ ಜೇನು ಸಾಕುವವರ ಬಳಗ. ಮಾತುಕತೆ ಎಲ್ಲ ವಾಟ್ಸಾಪ್‌ನಲ್ಲೇ. ಹೋದ ಮಳೆಗಾಲದಲ್ಲಿ ಹಿರಿಯರೊಬ್ಬರು ಮೇಣದ ಹುಳದ ಕಾಟ ತಡೆಯುವ ಬಗ್ಗೆ ಫೋಟೊ ಹಾಕಿ ವಿವರವಾಗಿ ಬರೆದಿದ್ದರು. ಈಗ ಹುಡುಕಿದರೆ ಸಿಗುತ್ತಿಲ್ಲ, ಶುಭೋದಯದ ಹೂವುಗಳ ಕೆಳಗೆ ಎಲ್ಲೋ ಹೂತುಹೋಗಿದೆ. ಹಾಗಾಗಿ ನಮ್ಮ ಸೈಟ್‌ನಲ್ಲೇ ಒಂದು ಫೋರಂ ಮಾಡೋಣ ಅಂತಿದ್ದೇವೆ.

ಹೋಸ್ಟಿಂಗ್ ಶೇರ್ಡ್, ಅಂದರೆ ಒಂದೇ ಸರ್ವರ್ ಹಲವು ಸೈಟ್‌ಗಳಿಗೆ. ಅದನ್ನು ಬ್ರೌಸರ್‌ನಲ್ಲೇ ನೋಡಿಕೊಳ್ಳಲು ಸಿಪ್ಯಾನಲ್ ಇದೆ. ಕೈಯಲ್ಲಿ ದುಡ್ಡು ಇಲ್ಲ ಅಂತಲೇ ಇಟ್ಟುಕೊಳ್ಳಿ. ನೋಡಿಕೊಳ್ಳುವವನು ನಾನೊಬ್ಬನೇ. ಅಡಿಕೆ ಕೊಯ್ಲು ಶುರುವಾದರೆ ಕಂಪ್ಯೂಟರ್ ಮುಂದೆ ಕೂರಲು ಪುರುಸೊತ್ತೇ ಸಿಗುವುದಿಲ್ಲ. ಭದ್ರತೆಯ ಚಿಂತೆ ಯಾಕೆಂದರೆ, ಪರಿಚಯದ ಒಂದು ಸಂಘದ ಸೈಟ್‌ನಲ್ಲಿ ರಾತ್ರೋರಾತ್ರಿ ಜೂಜಿನ ಜಾಹೀರಾತು ಬಂದು ಕೂತಿತ್ತು. ಇನ್ನೊಂದು, ನಮ್ಮ ಕಡೆ ಜೇನುಪೆಟ್ಟಿಗೆ ಕದಿಯುವವರೂ ಇದ್ದಾರೆ. ಯಾರ ತೋಟದಲ್ಲಿ ಎಷ್ಟು ಪೆಟ್ಟಿಗೆ ಇದೆ ಅಂತ ಊರಿಗೆಲ್ಲ ಗೊತ್ತಾಗಬಾರದು.

ಪಿಎಚ್‌ಪಿಬಿಬಿ, ಎಸ್‌ಎಂಎಫ್, ಮೈಬಿಬಿ, ಫ್ಲಾರಮ್, ಡಿಸ್ಕೋರ್ಸ್ ಎಲ್ಲದರ ಹೆಸರು ಕೇಳಿದ್ದೇನೆ. ಯಾವುದು ಹಾಕಲಿ?

ರೂಬಿ_ರಾಯ:

ಯೋಚನೆಯೇ ಬೇಡ, ಡಿಸ್ಕೋರ್ಸ್. ಮೊಬೈಲ್‌ನಲ್ಲಿ ಅದರಷ್ಟು ಚೆಂದ ಕಾಣುವುದು ಬೇರೆ ಇಲ್ಲ. ಎರಡು ಹಂತದ ಲಾಗಿನ್ ಒಳಗೇ ಇದೆ. ಹೊಸಬರಿಗೆ ಸ್ವಲ್ಪವೇ ಸ್ವಾತಂತ್ರ್ಯ, ನಂಬಿಕೆ ಬಂದ ಹಾಗೆ ಜಾಸ್ತಿ, ಅದನ್ನೂ ಅದೇ ನೋಡಿಕೊಳ್ಳುತ್ತದೆ. ಬಹುತೇಕ ಅಪ್‌ಡೇಟ್ ಬ್ರೌಸರ್‌ನಲ್ಲೇ ಒಂದು ಗುಂಡಿ ಒತ್ತಿದರೆ ಆಯಿತು.

ಹಳೇ_ಅಡ್ಮಿನ್:

ರಾಯರೇ, ಅವರು ಶೇರ್ಡ್ ಹೋಸ್ಟಿಂಗ್ ಅಂದರಲ್ಲ! ಡಿಸ್ಕೋರ್ಸ್‌ಗೆ ಡಾಕರ್ (ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಬೇಕು, ಸ್ವಂತ ಸರ್ವರ್ ಬೇಕು. ರ‍್ಯಾಮ್ 1 ಜಿಬಿ ಆದರೂ ಇರಬೇಕು, 2 ಇದ್ದರೆ ನೆಮ್ಮದಿ. ಮೇಲ್ ಕಳಿಸಲು ಬೇರೆ ವ್ಯವಸ್ಥೆ. ಸಾಫ್ಟ್‌ವೇರ್ ಪುಕ್ಕಟೆಯಾದರೂ ತಿಂಗಳ ಬಿಲ್ ಪುಕ್ಕಟೆ ಅಲ್ಲ. ಸರ್ವರ್‌ನ ಲಿನಕ್ಸ್ ನೋಡಿಕೊಳ್ಳುವ ಕೆಲಸವೂ ತುಡುವೆಯವರ ತಲೆಗೇ ಬೀಳುತ್ತದೆ, ಅದೂ ಕೊಯ್ಲಿನ ಹೊತ್ತಲ್ಲಿ.

ತುಡುವೆಯವರೇ, ನನ್ನ ಓಟು ಪಿಎಚ್‌ಪಿಬಿಬಿಗೆ. ನೋಡಲು ಹಳೇ ಕಾಲದ್ದು, ಒಪ್ಪುತ್ತೇನೆ. ಎರಡು ಹಂತದ ಲಾಗಿನ್ ಕೂಡ 3.3 ಆವೃತ್ತಿಯಲ್ಲಿ ತಾನಾಗಿ ಇಲ್ಲ. ಆದರೆ ಸಿಪ್ಯಾನಲ್‌ನಲ್ಲಿ ಆರಾಮಾಗಿ ಓಡುತ್ತದೆ, ಒಬ್ಬನೇ ಸಂಭಾಳಿಸಬಹುದು.

"ಅದು ಹ್ಯಾಕ್ ಆಗುತ್ತದೆ" ಅಂತ ಯಾರಾದರೂ ಹೆದರಿಸಿಯೇ ಹೆದರಿಸುತ್ತಾರೆ. ಆ ಮಾತಿಗೆ ಮೂಲ 2004ರ ಡಿಸೆಂಬರ್‌ನ ಸ್ಯಾಂಟಿ ವರ್ಮ್, ತಾನಾಗಿ ಹರಡುವ ಕೆಟ್ಟ ತಂತ್ರಾಂಶ. ಅದು ಗೂಗಲ್‌ನಲ್ಲಿ ಹುಡುಕಿ ಹುಡುಕಿ ಪಿಎಚ್‌ಪಿಬಿಬಿ ಸೈಟ್‌ಗಳಿಗೆ ನುಗ್ಗಿ ಪುಟಗಳನ್ನು ಅಳಿಸಿ ತನ್ನ ಹೆಸರು ಬರೆಯುತ್ತಿತ್ತು. ಕೊನೆಗೆ ಗೂಗಲ್‌ನವರು ಆ ಹುಡುಕಾಟವನ್ನೇ ತಡೆದರು. ಆದರೆ ಅದು ನುಗ್ಗುತ್ತಿದ್ದ ತೂತು ಮುಚ್ಚಿದ 2.0.11 ಆವೃತ್ತಿ ನವೆಂಬರ್‌ನಲ್ಲೇ ಬಂದಿತ್ತು! ಹಾಕಿಕೊಂಡವರಿಗೆ ಏನೂ ಆಗಲಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಫೋರಂ ಸಾಫ್ಟ್‌ವೇರ್ ವಿಬುಲೆಟಿನ್‌ನಲ್ಲೂ 2019ರಲ್ಲಿ ದೊಡ್ಡ ತೂತು ಸಿಕ್ಕಿತು. ಡಿಸ್ಕೋರ್ಸ್‌ಗೂ 2021ರ ಅಕ್ಟೋಬರ್‌ನಲ್ಲಿ ಅಂಥದ್ದೇ ಒಂದು, ಬೇಗ ಸರಿಮಾಡಿದರು. ಹಾಗಾಗಿ ಯಾವುದು ಭದ್ರ ಅಂತ ಕೇಳುವುದಕ್ಕಿಂತ, ಕೊಯ್ಲಿನ ನಡುವೆಯೂ ಯಾವುದನ್ನು ಅಪ್‌ಡೇಟ್ ಮಾಡಲು ನಿಮ್ಮ ಕೈಲಿ ಆಗುತ್ತದೆ ಅಂತ ನೋಡಿ. ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೌಲಭ್ಯದ ತುಣುಕು) ಸುಮ್ನೆ ಗುಡ್ಡೆ ಹಾಕಬೇಡಿ, ಅಪ್‌ಡೇಟ್ ಹೊತ್ತಿಗೆ ಅವೇ ಕಾಲಿಗೆ ತೊಡರುವುದು.

ಪಕ್ಕದ ಫೋಲ್ಡರ್‌ಗಳನ್ನೂ ನೋಡಿ. 2009ರಲ್ಲಿ ಪಿಎಚ್‌ಪಿಬಿಬಿಯವರ ಸ್ವಂತ ಸೈಟ್‌ಗೇ ಕಳ್ಳರು ನುಗ್ಗಿದ್ದರು. ನುಗ್ಗಿದ್ದು ಫೋರಂ ಮೂಲಕ ಅಲ್ಲ, ಅಲ್ಲೇ ಇದ್ದ ಪಿಎಚ್‌ಪಿಲಿಸ್ಟ್ ಅನ್ನುವ ಮೇಲ್ ಕಳಿಸುವ ತಂತ್ರಾಂಶದ ಮೂಲಕ. ನಿಮ್ಮ ಹೋಸ್ಟಿಂಗ್‌ನಲ್ಲಿ ಯಾರೋ ಎಂದೋ ಹಾಕಿ ಬಿಟ್ಟ ಹಳೇ ವರ್ಡ್‌ಪ್ರೆಸ್ ಇದ್ದರೆ ಮೊದಲು ಅದನ್ನು ಕಿತ್ತುಹಾಕಿ.

ಎಸ್‌ಎಂಎಫ್ ಕೂಡ ಪರವಾಗಿಲ್ಲ, ಇದೇ ಜಾತಿಯದು. ಫ್ಲಾರಮ್ ನೋಡಲು ಸೊಗಸು. ಆದರೆ ಅದನ್ನು ಹಾಕಲು, ಅಪ್‌ಡೇಟ್ ಮಾಡಲು ಬಳಸುವ, ಕಮಾಂಡ್ ಟೈಪ್ ಮಾಡಿ ನಡೆಸುವ ಕಂಪೋಸರ್ ಅಂದರೆ ಏನು ಅಂತ ಗೊತ್ತಿಲ್ಲದಿದ್ದರೆ ಅದರ ಸಹವಾಸ ಬೇಡ.

ತುಡುವೆ_ಶಿರಸಿ:

ಕಂಪೋಸರ್ ಗೊತ್ತಿಲ್ಲ ಸರ್, ಹಾಗಾಗಿ ಪಿಎಚ್‌ಪಿಬಿಬಿಯೇ ಇರಲಿ. ಮೂರು ಪ್ರಶ್ನೆ ಉಳಿಯಿತು. ಕನ್ನಡದಲ್ಲಿ ಹುಡುಕಿದರೆ ಸಿಗುತ್ತದಾ? ಸ್ಪ್ಯಾಮ್ ತಡೆಯುವುದು ಹೇಗೆ? ಪೆಟ್ಟಿಗೆ ಇರುವ ಜಾಗ ಗುಟ್ಟಾಗಿ ಇಡುವುದು ಹೇಗೆ?

ಹಳೇ_ಅಡ್ಮಿನ್:

ಮೂರನೆಯದು ಮೊದಲು. ಜಾಗ ಬರೆಯಬೇಡಿ ಅಂದರೆ ಯಾರೂ ಬರೆಯುವುದಿಲ್ಲ, ಆದರೆ ಫೋಟೊ ಹೇಳಿಬಿಡುತ್ತದೆ! ಲೊಕೇಷನ್ ಆನ್ ಇಟ್ಟು ಫೋನ್‌ನಲ್ಲಿ ತೆಗೆದರೆ ತೋಟದ ಜಿಪಿಎಸ್ ಅಂಕಿಗಳು ಚಿತ್ರದ ಒಳಗೇ ಸೇರಿಕೊಂಡಿರುತ್ತವೆ. ಅಡ್ಮಿನ್ ಪ್ಯಾನಲ್‌ನ ಅಟ್ಯಾಚ್‌ಮೆಂಟ್ ಸೆಟ್ಟಿಂಗ್‌ನಲ್ಲಿ ಚಿತ್ರದ ಮೆಟಾಡೇಟಾ (ಹೀಗೆ ಒಳಗೆ ಅಡಗಿರುವ ವಿವರ) ತೆಗೆದುಹಾಕುವ ಆಯ್ಕೆ ಇದೆ, ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿ. ಆಮೇಲೆ ನೀವೇ ಒಂದು ಫೋಟೊ ಹಾಕಿ, ಅದನ್ನು ಮತ್ತೆ ಇಳಿಸಿಕೊಂಡು ಜಾಗದ ವಿವರ ಹೋಗಿದೆಯಾ ಅಂತ ನೋಡಿ. ಫೋನ್ ನಂಬರ್ ಕೇಳಲೇಬೇಡಿ. ನೋಂದಣಿಗೆ ಹೆಸರು, ಇಮೇಲ್, ಪಾಸ್‌ವರ್ಡ್ ಸಾಕು. ಮನೆಯಲ್ಲಿ ಇಲ್ಲದ್ದನ್ನು ಕಳ್ಳ ಒಯ್ಯುವುದಿಲ್ಲ, ಅಲ್ವಾ?

ಸ್ಪ್ಯಾಮ್‌ಗೆ ನಿಮ್ಮ ಭಾಷೆಯೇ ಒಳ್ಳೇ ಬೇಲಿ. ನೋಂದಣಿ ವೇಳೆ ಪ್ರಶ್ನೋತ್ತರದ ಪರೀಕ್ಷೆ ಇಡಬಹುದು, ಅದು ಪಿಎಚ್‌ಪಿಬಿಬಿಯಲ್ಲೇ ಇದೆ. "ಗೂಡಿನಲ್ಲಿ ಮೊಟ್ಟೆ ಇಡುವವಳು ಯಾರು?" ಅಂತ ಕನ್ನಡದಲ್ಲಿ ಕೇಳಿ. ಉತ್ತರಗಳನ್ನು ಸಾಲಿಗೊಂದರಂತೆ ಕೊಡಬಹುದು: ರಾಣಿ, ರಾಣಿ ಜೇನು, ರಾಣಿನೊಣ, ಜತೆಗೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ರಾಣಿಯೂ ಇರಲಿ. ಬೇರೆ ದೇಶದಿಂದ ಮಾಮೂಲಿ ದಾಳಿ ಮಾಡುವ ಬಾಟ್‌ಗಳು (ತಾವಾಗಿ ನೋಂದಣಿ ಮಾಡುವ ತಂತ್ರಾಂಶಗಳು) ಇಲ್ಲೇ ನಿಲ್ಲುತ್ತವೆ. ಈಗಿನ ಎಐ ಬಾಟ್ ದಾಟಿ ಬಂದರೂ, ಹೊಸ ಸದಸ್ಯರ ಮೊದಲ ಕೆಲವು ಪೋಸ್ಟ್ ನಿಮ್ಮ ಒಪ್ಪಿಗೆ ಇಲ್ಲದೆ ಕಾಣದ ಹಾಗೆ ಇಡಬಹುದು.

ಹುಡುಕಾಟ ಸಿಗುತ್ತದೆ, ಆದರೆ ಅದು ಪೂರ್ತಿ ಪದವನ್ನೇ ನೋಡುತ್ತದೆ. ಪೆಟ್ಟಿಗೆ ಅಂತ ಹುಡುಕಿದರೆ "ಪೆಟ್ಟಿಗೆಯಲ್ಲಿ" ಬರುವುದಿಲ್ಲ. ಕೊನೆಗೆ ನಕ್ಷತ್ರ ಹಾಕಿ, ಪೆಟ್ಟಿಗೆ* ಅಂತ ಕೊಟ್ಟರೆ ಬರುತ್ತದೆ. ಇದನ್ನು ಫೋರಂನ ಮೇಲ್ಭಾಗದಲ್ಲೇ ಒಂದು ಸಾಲು ಬರೆದಿಡಿ. ಇಲ್ಲದಿದ್ದರೆ ಮತ್ತೆ ಅದೇ ಮೇಣದ ಹುಳದ ಪ್ರಶ್ನೆ ಶುರು.

ಬ್ಯಾಕಪ್‌ಗೆ ಡೇಟಾಬೇಸ್ ಒಂದೇ ಸಾಲದು. ಫೋಟೊಗಳು ಫೈಲ್ಸ್ ಫೋಲ್ಡರ್‌ನಲ್ಲಿ ಇರುತ್ತವೆ, ಅದನ್ನೂ ಇಳಿಸಿಕೊಳ್ಳಿ. ಅದೇ ಹೋಸ್ಟಿಂಗ್‌ನಲ್ಲಿ ಇಟ್ಟ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ತುಡುವೆ_ಶಿರಸಿ:

ಫೋಟೊದ ವಿಷಯ ಹೊಳೆದೇ ಇರಲಿಲ್ಲ. ವಾಟ್ಸಾಪ್‌ನ ಹಳೇ ಮೆಸೇಜ್ ಎಲ್ಲ ಇದಕ್ಕೆ ತುಂಬಲು ಆಗುತ್ತದಾ?

ಹಳೇ_ಅಡ್ಮಿನ್:

ಬೇಡ ಮಾರಾಯ್ರೇ, ಹೂವುಗಳೂ ಬರುತ್ತವೆ. ಒಳ್ಳೆಯದನ್ನಷ್ಟೇ ಆರಿಸಿ, ಬರೆದವರನ್ನು ಕೇಳಿ, ಕೈಯಿಂದಲೇ ಹಾಕಿ.

ರೂಬಿ_ರಾಯ:

ಹಾಕಿ, ಹಾಕಿ. ಮುಂದೆ ಬೇಜಾರಾದಾಗ ಪಿಎಚ್‌ಪಿಬಿಬಿಯಿಂದ ಡಿಸ್ಕೋರ್ಸ್‌ಗೆ ಎಲ್ಲವನ್ನೂ ಸಾಗಿಸುವ ಸ್ಕ್ರಿಪ್ಟ್ ಇದೆ. ಆಗ ಕರೆಯಿರಿ, ಬರುತ್ತೇನೆ. ಕೂಲಿ ಒಂದು ಬಾಟ್ಲಿ ತುಡುವೆ ಜೇನುತುಪ್ಪ.