ಪದಚರ್ಚೆ: ಲಾಂಗ್‌ಆರ್ಮ್ ಕ್ವಿಲ್ಟಿಂಗಿನ ಟೆಂಪ್ಲೇಟಿಗೆ ‘ಅಚ್ಚು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿದೆ. ಲಾಂಗ್‌ಆರ್ಮ್ ಮೆಶಿನ್ನಿನಲ್ಲಿ ಕ್ವಿಲ್ಟ್ (ನಮ್ಮ ಕೌದಿಯಂಥ ಪದರದ ಹೊದಿಕೆ) ಹೊಲಿಯುವಾಗ ಅಕ್ರಿಲಿಕ್ಕಿನ ಒಂದು ದಪ್ಪ ತುಂಡನ್ನು ಬಟ್ಟೆಯ ಮೇಲಿಟ್ಟು, ಅದರ ಅಂಚಿಗೆ ಮೆಶಿನ್ನಿನ ಕಾಲನ್ನು (ಸೂಜಿಯ ಸುತ್ತ ಇರುವ ಲೋಹದ ಭಾಗ) ತಾಗಿಸಿಕೊಂಡು ಹೊಲಿಯುತ್ತಾರೆ. ಈ ತುಂಡಿಗೆ ಟೆಂಪ್ಲೇಟ್ ಅಂತ ಹೆಸರು. ನೇರ ಇದ್ದರೆ ರೂಲರ್ ಅನ್ನುವುದೂ ಉಂಟು. ಕನ್ನಡದಲ್ಲಿ ಏನನ್ನೋಣ? ನನ್ನ ಮುಂದಿರುವ ಒಂದು ಕೈಪಿಡಿಯ ಕರಡಿನಲ್ಲಿ ‘ಅಚ್ಚು’ ಅಂತ ಇದೆ. ಆ ಪದ ಕಲಿಯುವವರ ದಾರಿ ತಪ್ಪಿಸುತ್ತದೆ ಅಂತ ನನಗೆ ಅನಿಸುತ್ತಿದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ನಾನಿರುವುದು ಅಮೆರಿಕದಲ್ಲಿ. ಕೈಪಿಡಿ ಇಲ್ಲಿನ ಕನ್ನಡ ಹೆಂಗಸರಿಗಾಗಿ, ಅದರಲ್ಲೂ ಮಕ್ಕಳ ಮನೆಗೆ ಬಂದಿರುವ ತಾಯಂದಿರಿಗಾಗಿ. ಧಾರವಾಡ, ಬೆಳಗಾವಿ ಕಡೆಯಿಂದ ಬಂದವರಲ್ಲಿ ಹಲವರು ಊರಲ್ಲಿ ಕೌದಿ ಹೊಲಿದವರು. ಸೂಜಿ ದಾರದ ವಿಷಯದಲ್ಲಿ ಅವರಿಗೆ ನಾವು ಹೇಳಿಕೊಡಬೇಕಾದ್ದು ಏನೂ ಇಲ್ಲ. ಮೆಶಿನ್ನು ಹೊಸದು, ಅದರ ಮಾತು ಹೊಸದು, ಅಷ್ಟೇ. ಹಾಗಾಗಿ ಪದವೇ ಅರ್ಧ ಪಾಠ ಹೇಳಬೇಕು.

ಮೊದಲು ಮೆಶಿನ್ನಿನ ವಿಷಯ. ಮನೆಯ ಹೊಲಿಗೆ ಮೆಶಿನ್ನಿನಲ್ಲಿ ಮೆಶಿನ್ ಕೂತಲ್ಲೇ ಇರುತ್ತದೆ, ಬಟ್ಟೆ ಓಡುತ್ತದೆ. ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಹಿಂದಕ್ಕೆ ತಳ್ಳುತ್ತವೆ. ಲಾಂಗ್‌ಆರ್ಮಿನಲ್ಲಿ ಎಲ್ಲ ತಿರುಗುಮುರುಗು. ಮೇಲಿನ ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರಿ, ಈ ಮೂರನ್ನೂ ಹತ್ತು ಹನ್ನೆರಡು ಅಡಿ ಉದ್ದದ ಚೌಕಟ್ಟಿಗೆ ಸುತ್ತಿ ಬಿಗಿದಿರುತ್ತಾರೆ. ಬಟ್ಟೆ ಅಲ್ಲಾಡುವುದಿಲ್ಲ. ಮೆಶಿನ್ನೇ ಗಾಲಿಗಳ ಮೇಲೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಾಡುತ್ತದೆ. ಹಲ್ಲುಗಳು ಇಲ್ಲವೇ ಇಲ್ಲ. ಹಿಡಿಕೆ ಹಿಡಿದು ನೂಕಿದ ಕಡೆಗೆ ಸೂಜಿ ಹೋಗುತ್ತದೆ. ಬರಿಗೈಯಲ್ಲಿ ನೂಕಿದರೆ ಗೆರೆ ನೇರ ಬರುವುದು ಕಷ್ಟ, ದುಂಡಗೆ ಬರುವುದು ಇನ್ನೂ ಕಷ್ಟ. ಅದಕ್ಕೇ ಟೆಂಪ್ಲೇಟು. ಎಡಗೈಯಲ್ಲಿ ಅದನ್ನು ಬಟ್ಟೆಗೆ ಅದುಮಿ ಹಿಡಿಯಬೇಕು, ಬಲಗೈಯಲ್ಲಿ ಮೆಶಿನ್ ಓಡಿಸಬೇಕು. ಕಾಲು ಅದರ ಅಂಚು ಬಿಡದಂತೆ ಸಾಗಬೇಕು.

ಇನ್ನು ‘ಅಚ್ಚು’. ಸಂಕ್ರಾಂತಿಯ ಸಕ್ಕರೆ ಅಚ್ಚು, ಅಚ್ಚುಬೆಲ್ಲ, ಅಚ್ಚುಕೂಟ. ಎಲ್ಲದರಲ್ಲೂ ಒಂದೇ ಅರ್ಥ: ಅಚ್ಚಿನಲ್ಲಿ ಯಾವ ಆಕಾರ ಇದೆಯೋ ಅದೇ ಆಕಾರ, ಅದೇ ಅಳತೆಯಲ್ಲಿ ಮೂಡುತ್ತದೆ. ‘ಪಡಿಯಚ್ಚು’ ಅಂದರಂತೂ ಇನ್ನೂ ಖಚಿತ. ‘ಅಪ್ಪನ ಪಡಿಯಚ್ಚು’ ಅಂದರೆ ಎಳ್ಳಷ್ಟೂ ವ್ಯತ್ಯಾಸ ಇಲ್ಲ ಅಂತ. ಲಾಂಗ್‌ಆರ್ಮಿನ ಟೆಂಪ್ಲೇಟು ಹಾಗಲ್ಲ. ಕಣ್ಣಿಗೆ ಕಾಣುವ ಆಕಾರ ಬಟ್ಟೆ ಮೇಲೆ ಬೀಳುವುದೇ ಇಲ್ಲ.

ಕಾರಣ ಮೆಶಿನ್ನಿನ ಕಾಲು. ಈ ಕೆಲಸಕ್ಕೆ ಬಳಸುವ ಕಾಲು ದುಂಡಗಿರುತ್ತದೆ, ಹೊರಗಿಂದ ಹೊರಗೆ ಅರ್ಧ ಇಂಚು. ಸೂಜಿ ಇಳಿಯುವುದು ಅದರ ನಟ್ಟನಡುವೆ. ಹಾಗಾಗಿ ಕಾಲು ಅಂಚಿಗೆ ತಾಗಿದಾಗ ಸೂಜಿ ಅಂಚಿನಿಂದ ಕಾಲಿಂಚು ದೂರ ಇರುತ್ತದೆ. ನಾಲ್ಕು ಇಂಚಿನ ದುಂಡು ತುಂಡಿನ ಸುತ್ತ ಹೊಲಿದರೆ ನಾಲ್ಕೂವರೆ ಇಂಚಿನ ಸುತ್ತು ಬರುತ್ತದೆ. ನಾಲ್ಕು ಇಂಚಿನ ತೂತಿನ ಒಳಗೆ ಹೊಲಿದರೆ ಮೂರೂವರೆ ಇಂಚಿನದು ಬರುತ್ತದೆ. ‘ಅಚ್ಚು’ ಅಂತ ಕೇಳಿಸಿಕೊಂಡವರು ಅಂಚನ್ನೇ ಬಟ್ಟೆಯ ಮೇಲಿನ ಗುರುತಿಗೆ ಸರಿಯಾಗಿ ಇಡುತ್ತಾರೆ, ಅದು ಸಹಜ. ಆದರೆ ಹೊಲಿಗೆ ಕಾಲಿಂಚು ಆಚೆ ಬೀಳುತ್ತದೆ. ಒಂದು ಸಾಲಿನಲ್ಲಿ ಎಂಟು ಹತ್ತು ಸುತ್ತು ಕೂಡಿಸಬೇಕಾದಾಗ ಇದು ದೊಡ್ಡ ತಾಪತ್ರಯ. ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ಮುಟ್ಟಬೇಕಾದ ಕಡೆ ಒಂದರ ಮೇಲೊಂದು ಹತ್ತಿಬಿಡುತ್ತವೆ. ಒಳ್ಳೆಯ ತುಂಡುಗಳ ಮೇಲೆ ಅಂಚಿನಿಂದ ಕಾಲಿಂಚು ಒಳಗೆ ಒಂದು ಗೆರೆ ಕೊರೆದಿರುತ್ತಾರೆ, ದೂರ ಲೆಕ್ಕ ಹಾಕಲಿಕ್ಕೆ. ಅದನ್ನು ನೋಡಿಕೊಳ್ಳುವ ಅಭ್ಯಾಸ ಆಗುವ ತನಕ ಪದದ ತೊಂದರೆ ಇದ್ದೇ ಇರುತ್ತದೆ.

ಅಳತೆ ಮಾತ್ರ ಅಲ್ಲ, ಆಕಾರವೂ ಬದಲಾಗುತ್ತದೆ. ವೀಳ್ಯದೆಲೆ ಆಕಾರದ ಒಂದು ತುಂಡು ತೆಗೆದುಕೊಳ್ಳಿ. ತುದಿ ಚೂಪು. ಕಾಲು ಆ ಚೂಪಿನ ಸುತ್ತ ಅಂಚು ಬಿಡದೆ ಹೊರಳಿದರೆ ಸೂಜಿ ಅಲ್ಲಿ ಕಾಲಿಂಚಿನ ಬಾಗು ಬಿಡಿಸುತ್ತದೆ. ಬಟ್ಟೆಯ ಮೇಲೆ ಎಲೆಯ ತುದಿ ಮೊಂಡಾಗುತ್ತದೆ. ತೊಟ್ಟಿನ ಕಡೆಯ ಒಳಮೂಲೆಯಲ್ಲಿ ಬೇರೆಯೇ ಕತೆ. ಅರ್ಧ ಇಂಚಿನ ಕಾಲು ಆ ಸಂದಿಯ ತಳ ಮುಟ್ಟುವುದಿಲ್ಲ. ಎರಡೂ ಬದಿಗೆ ತಾಗಿ ಅಲ್ಲೇ ನಿಂತುಬಿಡುತ್ತದೆ. ಮೂಲೆ ಚೂಪಾಗಿಯೇ ಬರುತ್ತದೆ, ಆಳ ಮಾತ್ರ ಕಡಿಮೆ. ಕೈ ಪಳಗಿದವರು ಚೂಪು ತುದಿಯಲ್ಲಿ ಕಾಲನ್ನು ಹೊರಳಿಸದೆ ನೇರವಾಗಿ ಸ್ವಲ್ಪ ಮುಂದೆ ಒಯ್ದು, ಸೂಜಿಯನ್ನು ಬಟ್ಟೆಯಲ್ಲಿ ಇಳಿಸಿ ನಿಲ್ಲಿಸಿ, ಆಮೇಲೆ ತುಂಡನ್ನು ಸರಿಸಿ ಇನ್ನೊಂದು ಬದಿಗೆ ತಿರುಗುತ್ತಾರೆ. ಆಗ ತುದಿ ಚೂಪು ಉಳಿಯುತ್ತದೆ. ಇದೆಲ್ಲ ಅಚ್ಚಿನ ಕೆಲಸ ಅಲ್ಲವೇ ಅಲ್ಲ.

ಹಾಗಂತ ‘ಅಚ್ಚು’ ಎಲ್ಲ ಕಡೆಯೂ ತಪ್ಪು ಅನ್ನಲಾರೆ. ಕೈಯಲ್ಲಿ ಹೊಲಿಯುತ್ತಿದ್ದ ಕಾಲದಲ್ಲಿ ರಟ್ಟು ಇಲ್ಲವೇ ತಗಡನ್ನು ಹೂವು, ಗರಿಯ ಆಕಾರಕ್ಕೆ ಕತ್ತರಿಸಿ, ಬಟ್ಟೆಯ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಆಮೇಲೆ ಆ ಗೆರೆಯ ಮೇಲೆಯೇ ಹೊಲಿಗೆ. ಅಲ್ಲಿ ತುಂಡಿನ ಅಂಚೇ ಹೊಲಿಗೆಯ ಜಾಗ, ಹಾಗಾಗಿ ಅಚ್ಚು ಅಂದರೆ ನಡೆಯುತ್ತದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಅಲೆನ್‌ಹೆಡ್ಸ್ ಅಂತ ಒಂದು ಹಳ್ಳಿ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಕ್ವಿಲ್ಟಿನ ಮೇಲೆ ನೀಲಿ ಪೆನ್ಸಿಲಿನಲ್ಲಿ ವಿನ್ಯಾಸ ಬರೆದುಕೊಡುವುದನ್ನೇ ಕಸುಬು ಮಾಡಿಕೊಂಡವರಿದ್ದರು. ಜಾರ್ಜ್ ಗಾರ್ಡಿನರ್, ಎಲಿಜಬೆತ್ ಸ್ಯಾಂಡರ್ಸನ್ ಅವರಲ್ಲಿ ಹೆಸರಾದವರು. ಇವರು ವಿನ್ಯಾಸವನ್ನು ಕೈಯಲ್ಲೇ ಬರೆಯುತ್ತಿದ್ದರು. ಆದರೂ ಇಂಥವರನ್ನು ಕರೆಯುತ್ತಿದ್ದದ್ದು ‘ಸ್ಟ್ಯಾಂಪರ್’ ಅಂತ. ಅಂದರೆ ಅಲ್ಲಿನ ಜನರೂ ಅಚ್ಚಿನ ಮಾತನ್ನೇ ಹಿಡಿದಿದ್ದರು! ನಮ್ಮ ಕರಡು ಬರೆದವರಿಗೂ ಅದೇ ತೋಚಿದ್ದರಲ್ಲಿ ಆಶ್ಚರ್ಯ ಇಲ್ಲ. ಗುರುತು ಹಾಕುವ ಟೆಂಪ್ಲೇಟಿಗೆ ‘ಅಚ್ಚು’ ಇರಲಿ. ಕಾಲು ತಾಗಿಸಿ ಓಡಿಸುವ ಟೆಂಪ್ಲೇಟಿಗೆ ಬೇರೆ ಪದ ಇರಲಿ ಅನ್ನುವುದು ನನ್ನ ವಾದ.

ಬೇರೆ ಪದ ಯಾವುದು? ‘ಮಾದರಿ’ ತುಂಬ ಅಗಲ, ಸ್ಯಾಂಪಲ್ಲಿಗೂ ಅದೇ, ಡಿಸೈನಿಗೂ ಅದೇ. ‘ಟೆಂಪ್ಲೇಟು’ ಅಂತಲೇ ಇಟ್ಟುಕೊಳ್ಳಬಹುದು, ಕನ್ನಡ ವಿಕಿಪೀಡಿಯದಲ್ಲೂ ಅದೇ ಇದೆ. ಆದರೆ ಅಲ್ಲಿನದು ಖಾಲಿ ಜಾಗ ತುಂಬಿಸುವ ನಮೂನೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ‘ಪಟ್ಟಿ’ ಅಂತ ಸೇರಿಸೋಣ ಅಂದರೆ, ಅಡಿಪಟ್ಟಿ ಇದೆಯಲ್ಲ ಹಾಗೆ, ಹೊಲಿಗೆಯವರ ಬಾಯಲ್ಲಿ ಪಟ್ಟಿ ಅಂದರೆ ಬಟ್ಟೆಯದೇ. ಕಾಜಾ ಪಟ್ಟಿ, ಕಾಲರ್ ಪಟ್ಟಿ. ‘ಪಟ್ಟಿ ಇಟ್ಟು ಹೊಲಿಯಿರಿ’ ಅಂದರೆ ಬಟ್ಟೆಯ ತುಂಡು ತಗೊಂಡು ಬರುತ್ತಾರೆ. ಹಾಗಾಗಿ ‘ಬಿಲ್ಲೆ’ ನನಗೆ ಇಷ್ಟವಾಯಿತು. ಗಟ್ಟಿ, ಚಪ್ಪಟೆ, ಕೈಯಲ್ಲಿ ಹಿಡಿಯುವಂಥದ್ದು. ದುಂಡು ಬಿಲ್ಲೆ, ಎಲೆ ಬಿಲ್ಲೆ, ಗರಿ ಬಿಲ್ಲೆ. ನೇರ ಇರುವುದಕ್ಕೆ ಸುಮ್ನೆ ‘ಸ್ಕೇಲು’ ಅನ್ನೋಣ, ಎಲ್ಲರಿಗೂ ಗೊತ್ತಿರುವ ಮಾತು.

ಹೆಸರಿಗಿಂತ ನನಗೆ ಮುಖ್ಯ ಅನಿಸಿದ್ದು ಕ್ರಿಯಾಪದ. ಕರಡಿನಲ್ಲಿ ‘ಅಚ್ಚು ಹಾಕಿ’ ಅಂತ ಇದೆ. ಅದರ ಬದಲು ‘ಬಿಲ್ಲೆಗೆ ಆನಿಸಿ ಓಡಿಸಿ’ ಅಂದರೆ ಹೇಗೆ? ಏಣಿಯನ್ನು ಗೋಡೆಗೆ ಆನಿಸುತ್ತೇವೆ. ಆನಿಸಿದ ಏಣಿ ಗೋಡೆ ಆಗುವುದಿಲ್ಲ. ತಾಗಿರುತ್ತದೆ, ಬೇರೆಯಾಗಿಯೂ ಇರುತ್ತದೆ. ಕಾಲು ಮತ್ತು ಬಿಲ್ಲೆಯ ನಂಟು ಇದೇ. ‘ಒತ್ತಿ’ ಅಂತಲೂ ಯೋಚಿಸಿದೆ. ಒತ್ತು ಅಂದರೆ ಅದುಮು, ಒತ್ತಿಗೆ ಅಂದರೆ ಪಕ್ಕಕ್ಕೆ, ಎರಡೂ ಅರ್ಥ ಇಲ್ಲಿಗೆ ಹೊಂದುತ್ತವೆ. ಆದರೆ ಮುದ್ರೆ ಒತ್ತು, ಠಸ್ಸೆ ಒತ್ತು ಅನ್ನುವ ಬಳಕೆ ಮತ್ತೆ ಅಚ್ಚಿನ ಕಡೆಗೇ ಎಳೆಯುತ್ತದೆ. ಅಲ್ಲದೆ ಕಾಲನ್ನು ಅಂಚಿಗೆ ಜೋರಾಗಿ ಒತ್ತಿದರೆ ಬಿಲ್ಲೆ ಜಾರುತ್ತದೆ. ಹಗುರವಾಗಿ ತಾಗಿದ್ದರೆ ಸಾಕು. ಹಾಗಾಗಿ ಆನಿಸುವುದೇ ಸರಿ ಅಂತ ಕಾಣುತ್ತದೆ.

ಈ ಮಾತು ಕೌದಿಗೂ ಹೊಂದುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕವಂದಿ (ಅವರ ಕೌದಿ) ಹೊಲಿಯುವಾಗ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತೇಪೆ ಇಡುವುದು, ಹೊಲಿಯುವುದು ಎರಡೂ ಒಟ್ಟಿಗೇ ಸಾಗುತ್ತವೆ. ಗೆರೆ ಎಳೆಯುವುದಿಲ್ಲ, ಸ್ಕೇಲು ಇಲ್ಲ. ಹಿಂದಿನ ಸಾಲೇ ಮುಂದಿನ ಸಾಲಿಗೆ ಆಸರೆ. ಲಾಂಗ್‌ಆರ್ಮಿನಲ್ಲೂ ಹೀಗೆ ಮಾಡುತ್ತಾರೆ. ಬಿಲ್ಲೆ ಪಕ್ಕಕ್ಕಿಟ್ಟು, ಕಾಲಿನ ಅಂಚನ್ನು ಹಿಂದಿನ ಹೊಲಿಗೆಗೆ ಸರಿಯಾಗಿ ಹಿಡಿದು ಓಡಿಸಿದರೆ ಕಾಲಿಂಚು ಬಿಟ್ಟು ಇನ್ನೊಂದು ಸಾಲು ಬರುತ್ತದೆ. ‘ಹಿಂದಿನ ಸಾಲಿಗೆ ಆನಿಸಿ’ ಅಂದರೆ ಕೌದಿ ಬಲ್ಲವರಿಗೆ ಥಟ್ಟನೆ ತಿಳಿಯುತ್ತದೆ.

ಮೈಯನ್ನೇ ಟೆಂಪ್ಲೇಟು ಮಾಡಿಕೊಂಡ ಇನ್ನೊಂದು ಪದ್ಧತಿಯನ್ನೂ ಇಲ್ಲಿ ಹೇಳಬೇಕು. ಅಮೆರಿಕದಲ್ಲಿ ಬ್ಯಾಪ್ಟಿಸ್ಟ್ ಫ್ಯಾನ್ ಅಂತ ಒಂದು ಹಳೆಯ ವಿನ್ಯಾಸ ಇದೆ, ಬೀಸಣಿಗೆಯಂತೆ ಒಂದರ ಒಳಗೊಂದು ಕಮಾನುಗಳು. ಚರ್ಚಿನ ಹೆಂಗಸರು ಚೌಕಟ್ಟಿನ ಸುತ್ತ ಕೂತು ಹೊಲಿಯುತ್ತಿದ್ದಾಗ ಇದು ಜಾಸ್ತಿ ಬಳಕೆಯಲ್ಲಿತ್ತು. ಮೊಳಕೈಯನ್ನು ಬಟ್ಟೆಯ ಮೇಲೆ ಊರಿ, ಮುಂಗೈಯನ್ನು ಅತ್ತಿಂದಿತ್ತ ಆಡಿಸಿದರೆ ಒಂದು ಕಮಾನು ಬಂತು. ಅದಕ್ಕೇ ಇದನ್ನು ಮೊಳಕೈ ಕ್ವಿಲ್ಟಿಂಗ್ ಅಂತಲೂ ಕರೆದರು. ನಮ್ಮ ಮೊಳವೂ ಅದೇ ಮೊಳಕೈಯಿಂದ ಬಂದ ಅಳತೆ ಅಲ್ವಾ? ಈಗ ಅದೇ ಕಮಾನುಗಳನ್ನು ಕೊರೆದ ಹಲಗೆಗಳು ಲಾಂಗ್‌ಆರ್ಮಿಗೆ ಸಿಗುತ್ತವೆ. ಹಲಗೆಯನ್ನು ಚೌಕಟ್ಟಿನ ಮೇಜಿನ ಮೇಲೆ ಇಡುತ್ತಾರೆ. ಮೆಶಿನ್ನಿಗೆ ಒಂದು ಕಡ್ಡಿ ಜೋಡಿಸಿರುತ್ತದೆ, ಅದರ ಮೊನೆ ಹಲಗೆಯ ಕೊರೆತದಲ್ಲಿ ಓಡುತ್ತದೆ. ಸೂಜಿ ಅಲ್ಲಿಂದ ದೂರದಲ್ಲಿ, ಬಟ್ಟೆಯ ಮೇಲೆ, ಅದೇ ದಾರಿಯನ್ನು ಹೊಲಿಯುತ್ತದೆ. ಇಲ್ಲಿ ಕಾಲಿಂಚಿನ ಲೆಕ್ಕ ಇಲ್ಲ, ಕೊರೆತ ಹೇಗಿದೆಯೋ ಹೊಲಿಗೆ ಹಾಗೇ. ಇದಕ್ಕೆ ‘ಜಾಡುಹಲಗೆ’ ಅಂತ ಹೆಸರಿಟ್ಟಿದ್ದೇನೆ. ಈ ಪದದ ಬಗ್ಗೆ ನನಗೆ ಹೆಚ್ಚು ಅಳುಕಿಲ್ಲ.

ಇನ್ನು ಜೋಡಣೆಗಳು. ಬಿಲ್ಲೆ ಬಳಸುವಾಗ ಮೆಶಿನ್ನಿನ ಕೆಳತೋಳಿಗೆ ಒಂದು ಅಗಲವಾದ ಹಲಗೆ ಸಿಕ್ಕಿಸುತ್ತಾರೆ. ಬಟ್ಟೆ ಗಾಳಿಯಲ್ಲಿ ತೇಲುತ್ತಿರುತ್ತದಲ್ಲ, ಬಿಲ್ಲೆ ಅದುಮಿದರೆ ತಗ್ಗುತ್ತದೆ. ಕೆಳಗೆ ಈ ಹಲಗೆ ಇದ್ದರೆ ಬಿಲ್ಲೆ ಅಲುಗದೆ ಕೂರುತ್ತದೆ. ಇದು ‘ಮಣೆ’. ಚಪಾತಿ ಮಣೆ, ಈಳಿಗೆಮಣೆ ಗೊತ್ತಿರುವವರಿಗೆ ಬೇರೆ ವಿವರಣೆ ಬೇಡ. ‘ಬಿಲ್ಲೆ ಹಿಡಿಯುವ ಮುಂಚೆ ಮಣೆ ಹಾಕಿ’ ಅನ್ನುವ ವಾಕ್ಯ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರಬೇಕು. ಕಾಲಿಗೆ ದರ್ಜಿಗಳೇ ‘ಕಾಲು’ ಅನ್ನುತ್ತಾರೆ, ‘ಕಾಲು ಎತ್ತು, ಕಾಲು ಇಳಿಸು’. ಆದರೆ ಕಾಲು ಇಂಚು ಅನ್ನುವಾಗಲೂ ಅದೇ ಕಾಲು! ‘ಕಾಲು ಕಾಲು ಇಂಚು ದೂರ’ ಅಂತ ಬರೆದರೆ ಓದುವವರು ತಡವರಿಸುತ್ತಾರೆ. ಅದಕ್ಕೆ ಅಳತೆಯನ್ನು ‘ಎರಡು ಸೂತ್’ ಅನ್ನೋಣವೇ? ವೆಲ್ಡಿಂಗ್ ಅಂಗಡಿಯವರು, ಬಡಗಿಗಳು ಇಂಚಿನ ಎಂಟನೇ ಒಂದು ಭಾಗಕ್ಕೆ ಸೂತ್ ಅನ್ನುತ್ತಾರೆ. ಹೆಂಗಸರಿಗೆ ಎಷ್ಟು ಪರಿಚಯವೋ ನೀವೇ ಹೇಳಬೇಕು.

ದಪ್ಪದ ವಿಷಯಕ್ಕೂ ಈ ಮಾತು ಬೇಕು. ಲಾಂಗ್‌ಆರ್ಮಿನ ಬಿಲ್ಲೆ ಎರಡು ಸೂತ್ ದಪ್ಪ ಇರಬೇಕು. ಹೊಲಿಯುವಾಗ ಕಾಲು ಸೂಜಿಯ ಜೊತೆ ಮೇಲೆ ಕೆಳಗೆ ಜಿಗಿಯುತ್ತಿರುತ್ತದೆ. ಮನೆ ಮೆಶಿನ್ನಿಗೆ ಮಾಡಿದ ತೆಳು ಬಿಲ್ಲೆ, ಬಟ್ಟೆ ಕತ್ತರಿಸುವ ತೆಳು ಸ್ಕೇಲು ಇಟ್ಟರೆ, ಕಾಲು ಮೇಲೆ ಹೋದಾಗ ಅದು ಕೆಳಗೆ ನುಗ್ಗುತ್ತದೆ. ಸೂಜಿ ನೇರ ಅಕ್ರಿಲಿಕ್ಕಿಗೆ ಬಡಿದು ಮುರಿಯುತ್ತದೆ, ಮೆಶಿನ್ನಿನ ಟೈಮಿಂಗೂ ತಪ್ಪಬಹುದು. ಚೂರು ಕಣ್ಣಿಗೆ ಹಾರುವ ಅಪಾಯವೂ ಇದೆ. ಆದ್ದರಿಂದ ‘ದಪ್ಪ ಬಿಲ್ಲೆ’ ಅಂತಲೇ ಪೂರ್ತಿ ಹೆಸರು ಇಟ್ಟರೂ ನನಗೆ ಒಪ್ಪಿಗೆ. ಹೆಸರಿನಲ್ಲೇ ಎಚ್ಚರಿಕೆ ಇದ್ದರೆ ಒಳ್ಳೆಯದು.

ನಿಮ್ಮಿಂದ ನನಗೆ ತಿಳಿಯಬೇಕಾದ್ದು ಇಷ್ಟು. ‘ಆನಿಸು’ ಮೈಸೂರು, ಮಂಗಳೂರು, ಕಲಬುರಗಿ ಕಡೆ ಇನ್ನೂ ಬಾಯಲ್ಲಿ ಇದೆಯೇ, ಇಲ್ಲ ‘ಒರಗಿಸು’, ‘ತಾಗಿಸು’ ಅಂದರೆ ಬೇಗ ತಿಳಿಯುತ್ತದೆಯೇ? ಬಡಗಿಗಳು, ಕಲ್ಲುಕುಟಿಗರು, ಚಪ್ಪಲಿ ಹೊಲಿಯುವವರು ಉಪಕರಣವನ್ನು ಒಂದು ತುಂಡಿನ ಅಂಚಿಗೆ ಹಿಡಿದು ಓಡಿಸುವಾಗ ಆ ತುಂಡಿಗೆ ಏನನ್ನುತ್ತಾರೆ? ‘ಫರ್ಮಾ’ ಅನ್ನುವುದನ್ನು ಕೇಳಿದ್ದೇನೆ, ಅದು ಅಚ್ಚಿನ ಅರ್ಥದಲ್ಲೋ, ಅಂಚಿನ ಅರ್ಥದಲ್ಲೋ? ಕೌದಿ ಹೊಲಿಯುವವರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನೇ ಕೇಳಿ ಬರೆಯಿರಿ. ಸಾಲಿನಿಂದ ಸಾಲಿಗೆ ಬಿಡುವ ಜಾಗಕ್ಕೆ ಅವರದೇ ಒಂದು ಪದ ಇದ್ದರೆ ಆ ಕಾಲಿಂಚಿಗೂ ಅದನ್ನೇ ಇಟ್ಟುಕೊಳ್ಳಬಹುದು. ಕೊನೆಯದಾಗಿ, ತೂತಿನ ಒಳಗೆ ಹೊಲಿಯುವ ಟೆಂಪ್ಲೇಟಿಗೆ ‘ಒಳಬಿಲ್ಲೆ’ ಅಂತ ಬರೆದಿದ್ದೇನೆ, ಅದಕ್ಕಿಂತ ಚೆನ್ನಾಗಿರುವುದು ಹೊಳೆದರೆ ತಿಳಿಸಿ.